ಸಿ ಸಿಗುತ್ತಿಲ್ಲ, ತಪ್ಪು ಎಲ್ಲಿ? ರೋಲ್ ಪ್ರಮೇಯದ ಷರತ್ತು ತಪಾಸಣೆ

ಹೋದ ವರ್ಷ ನನ್ನ ಹತ್ತಿರ ಟ್ಯೂಷನ್‌ಗೆ ಬರುತ್ತಿದ್ದ ಹುಡುಗನೊಬ್ಬ ನೋಟ್‌ಬುಕ್ ಹಿಡಿದು ಬಂದ. ಎರಡು ಪುಟ ತುಂಬಾ ಲೆಕ್ಕ. ಅದರಲ್ಲಿ ಅರ್ಧಕ್ಕರ್ಧ ಗೀಚಿ ಹಾಕಿದ್ದು. "ಸರ್, ಎಷ್ಟು ಸಲ ಮಾಡಿದ್ರೂ ಸಿ ಬರ್ತಿಲ್ಲ. ಎಲ್ಲಿ ತಪ್ಪಿದೆ ಅಂತ ನೀವೇ ನೋಡಿ" ಎಂದ.

ಲೆಕ್ಕ ಇಷ್ಟೇ. ಎಫ್(ಎಕ್ಸ್) = ಟ್ಯಾನ್ ಎಕ್ಸ್, ಇಂಟರ್ವಲ್ [0, ಪೈ], ರೋಲ್ ಪ್ರಮೇಯವನ್ನು ಪರಿಶೀಲಿಸಿ, ಅಂದರೆ ಡೆರಿವೇಟಿವ್ (ಗ್ರಾಫಿನ ಇಳಿಜಾರು) ಸೊನ್ನೆ ಆಗುವ ಸಿ ಎಂಬ ಬಿಂದುವನ್ನು ಇಂಟರ್ವಲ್ಲಿನ ಒಳಗೆ ಹುಡುಕಿ. ಟ್ಯಾನ್ 0 = 0, ಟ್ಯಾನ್ ಪೈ = 0 ಎಂದು ಬರೆದಿದ್ದ. ಸರಿ. ಡೆರಿವೇಟಿವ್ ಸೆಕ್² ಎಕ್ಸ್ ಎಂದಿದ್ದ. ಅದೂ ಸರಿ. ಆಮೇಲೆ ಸೆಕ್² ಸಿ = 0 ಎಂದು ಇಟ್ಟುಕೊಂಡು ಒಂದೂವರೆ ಪುಟ ಒದ್ದಾಡಿದ್ದ. ಸೆಕ್² ಯಾವತ್ತೂ 1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸೊನ್ನೆ ಎಲ್ಲಿಂದ ಬರಬೇಕು?

ಅವನು ಮಾಡಿದ ಲೆಕ್ಕದಲ್ಲಿ ಒಂದೂ ತಪ್ಪು ಇರಲಿಲ್ಲ. ತಪ್ಪು ಆದದ್ದು ಲೆಕ್ಕ ಶುರು ಮಾಡುವುದಕ್ಕೂ ಮೊದಲು. ಪೈ/2ರಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ. ಆ ಬಿಂದು ಇಂಟರ್ವಲ್ಲಿನ ನಟ್ಟನಡುವೆ ಕೂತಿದೆ. ಪ್ರಮೇಯ ಇಲ್ಲಿ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಕೊಡದ ಭರವಸೆ ಹಿಡಿದು ಅವನು ಸಿ ಹುಡುಕುತ್ತಿದ್ದ.

ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಟ್ಯಾಂಕ್ ಅಲ್ಲಾಡಿಸಿ ಪೆಟ್ರೋಲ್ ಇದೆಯಾ ಅಂತ ನೋಡುತ್ತೇವೆ. ಸೀದಾ ಎಂಜಿನ್ ಬಿಚ್ಚುವುದಿಲ್ಲ. ಈ ಲೆಕ್ಕಗಳಲ್ಲಿ ಮಾತ್ರ ಯಾಕೋ ಎಲ್ಲರೂ ಮೊದಲು ಎಂಜಿನ್‌ಗೇ ಕೈ ಹಾಕುತ್ತಾರೆ. ಸಿ ಸಿಗದಿದ್ದಾಗ, ಸಿಕ್ಕ ಸಿ ಇಂಟರ್ವಲ್ಲಿನ ಹೊರಗೆ ಬಿದ್ದಾಗ, ಅಥವಾ ಸಿ ಸಿಕ್ಕರೂ ಉತ್ತರ ತಪ್ಪು ಅಂತ ಮೇಷ್ಟ್ರು ಹೇಳಿದಾಗ ಯಾವ ಕ್ರಮದಲ್ಲಿ ತಪಾಸಣೆ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಷರತ್ತುಗಳು

ರೋಲ್ ಪ್ರಮೇಯಕ್ಕೆ ಮೂರು ಷರತ್ತು. ಫಂಕ್ಷನ್ [ಎ, ಬಿ] ಪೂರ್ತಿ ಕಂಟಿನ್ಯೂಯಸ್ ಆಗಿರಬೇಕು, ಅಂದರೆ ಗ್ರಾಫಿನಲ್ಲಿ ಒಡಕು ಇರಬಾರದು, ಎರಡೂ ತುದಿ ಸೇರಿ. (ಎ, ಬಿ) ಒಳಗೆ ಡಿಫರೆನ್ಷಿಯಬಲ್ ಆಗಿರಬೇಕು, ಅಂದರೆ ಪ್ರತಿ ಬಿಂದುವಿನಲ್ಲೂ ಡೆರಿವೇಟಿವ್ ಇರಬೇಕು, ತುದಿಗಳನ್ನು ಬಿಟ್ಟು. ಎಫ್(ಎ) = ಎಫ್(ಬಿ) ಆಗಬೇಕು. ಮೂರೂ ಇದ್ದರೆ ಎಫ್′(ಸಿ) = 0 ಆಗುವಂಥ ಸಿ ಒಳಗೆ ಒಂದಾದರೂ ಇದ್ದೇ ಇರುತ್ತದೆ. ಮೂರನೆಯ ಷರತ್ತನ್ನು ಕೈಬಿಟ್ಟರೆ ಲಗ್ರಾಂಜ್ ಅವರ ಮೀನ್ ವ್ಯಾಲ್ಯೂ ಪ್ರಮೇಯ. ಅಲ್ಲಿ ಎಫ್′(ಸಿ) ಸೊನ್ನೆಯೇ ಆಗಬೇಕೆಂದಿಲ್ಲ, ಎರಡು ತುದಿ ಸೇರಿಸುವ ಗೆರೆಯ ಇಳಿಜಾರಿಗೆ ಸಮ ಆದರೆ ಸಾಕು.

ಅಂದ ಹಾಗೆ, ಫ್ರೆಂಚ್ ಗಣಿತಜ್ಞ ಮಿಶೆಲ್ ರೋಲ್ 1691ರಲ್ಲಿ ಇದನ್ನು ಸಾಧಿಸಿದ್ದು ಬಹುಪದಗಳಿಗೆ ಮಾತ್ರ. ಬಹುಪದಕ್ಕೆ ಒಡಕೂ ಇಲ್ಲ, ಮೂಲೆಯೂ ಇಲ್ಲ. ಹಾಗಾಗಿ ನಮ್ಮ ತಲೆನೋವು ಅವರಿಗೆ ಇರಲೇ ಇಲ್ಲ. ತಮಾಷೆ ಅಂದರೆ, ಅವರು ಕ್ಯಾಲ್ಕುಲಸ್ಸನ್ನೇ ಒಪ್ಪದೆ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಜಗಳ ಆಡಿದವರು. ಈಗ ಅವರ ಹೆಸರು ಇರುವುದು ಕ್ಯಾಲ್ಕುಲಸ್ ಪುಸ್ತಕದಲ್ಲೇ.

ಅನುಮಾನದ ಬಿಂದುಗಳನ್ನು ಪಟ್ಟಿ ಮಾಡಿ

ಇಂಟರ್ವಲ್ಲಿನಲ್ಲಿ ಲೆಕ್ಕವಿಲ್ಲದಷ್ಟು ಬಿಂದುಗಳಿವೆ. ಎಲ್ಲವನ್ನೂ ನೋಡಲು ಆಗುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಕೆಡುವ ಜಾಗಗಳು ಕೆಲವೇ. ಛೇದ ಸೊನ್ನೆ ಆಗುವ ಕಡೆ. ಮಾಡ್ಯುಲಸ್ಸಿನ ಒಳಗಿರುವುದು ಸೊನ್ನೆ ಆಗುವ ಕಡೆ. ವರ್ಗಮೂಲ, ಘನಮೂಲದ ಒಳಗೆ ಸೊನ್ನೆ ಬರುವ ಕಡೆ. ಲಾಗ್ ಒಳಗೆ ಸೊನ್ನೆಯೋ ಋಣ ಸಂಖ್ಯೆಯೋ ಬರುವ ಕಡೆ. ಟ್ಯಾನ್, ಸೆಕ್, ಕಾಟ್ ಹಾರಿಹೋಗುವ ಕಡೆ. ಸ್ಟೆಪ್ ಫಂಕ್ಷನ್ (ಮೆಟ್ಟಿಲಿನಂತೆ ಹಾರುವ, ಎಕ್ಸ್ ಅನ್ನು ಮೀರದ ದೊಡ್ಡ ಪೂರ್ಣಾಂಕ) ಆದರೆ ಪೂರ್ಣಾಂಕಗಳು. ಎರಡು ತುಂಡು ಸೇರಿಸಿದ ಫಂಕ್ಷನ್ ಆದರೆ ಹೊಲಿಗೆ ಬಿದ್ದ ಜಾಗ.

ಪಟ್ಟಿ ಆದ ಮೇಲೆ ಒಂದೊಂದೇ ಬಿಂದು ಹಿಡಿದು ಇದು ಇಂಟರ್ವಲ್ಲಿನ ಒಳಗಿದೆಯಾ, ತುದಿಯಲ್ಲಿದೆಯಾ, ಹೊರಗಿದೆಯಾ ಎಂದು ನೋಡಿ. ಹೊರಗಿದ್ದರೆ ಬಿಟ್ಟುಬಿಡಿ. 1/(ಎಕ್ಸ್ − 5) ನೋಡಿದ ತಕ್ಷಣ "ಇದು ಕಂಟಿನ್ಯೂಯಸ್ ಅಲ್ಲ" ಎಂದು ಬರೆಯುವವರು ಬಹಳ. ಇಂಟರ್ವಲ್ [1, 3] ಆಗಿದ್ದರೆ 5ರಲ್ಲಿ ಏನಾದರೆ ನಮಗೇನು? ಎಫ್(1) = −1/4, ಎಫ್(3) = −1/2. ಇಳಿಜಾರು −1/8. ಡೆರಿವೇಟಿವ್ −1/(ಎಕ್ಸ್ − 5)². ಎರಡನ್ನೂ ಸಮ ಮಾಡಿದರೆ (ಸಿ − 5)² = 8. ಅಂದರೆ ಸಿ ಸುಮಾರು 2.17 ಅಥವಾ 7.83. ಮೊದಲನೆಯದು ಒಳಗಿದೆ, ಮೀನ್ ವ್ಯಾಲ್ಯೂ ಪ್ರಮೇಯ ಆರಾಮಾಗಿ ನಡೆಯುತ್ತದೆ.

ಇನ್ನೊಂದು ಎಚ್ಚರ. ಪಟ್ಟಿ ಮಾಡುವುದು ಕೊಟ್ಟ ರೂಪದಲ್ಲೇ, ಸರಳ ಮಾಡಿದ ಮೇಲೆ ಅಲ್ಲ. (ಎಕ್ಸ್² − 4)/(ಎಕ್ಸ್ − 2) ಕಂಡರೆ ಕೈ ತಾನಾಗೇ ಹೊಡೆದು ಹಾಕಿ ಎಕ್ಸ್ + 2 ಎಂದು ಬರೆಯುತ್ತದೆ. 2ರಲ್ಲಿದ್ದ ತೂತು ಅಲ್ಲಿಗೆ ಮಾಯ. ಕೊಟ್ಟ ಫಂಕ್ಷನ್‌ನಲ್ಲಿ ಅದು ಇನ್ನೂ ಇದೆ.

ಲಕ್ಷಣ: ಸಮೀಕರಣಕ್ಕೆ ಮೂಲವೇ ಇಲ್ಲ

ಟ್ಯಾನ್ ಹುಡುಗನ ಕಥೆ ಇದೇ. 1/ಎಕ್ಸ್² ತೆಗೆದುಕೊಂಡು [−1, 1] ಮೇಲೆ ಮಾಡಿ ನೋಡಿ. ಎರಡೂ ತುದಿಯಲ್ಲಿ ಬೆಲೆ 1. ಡೆರಿವೇಟಿವ್ −2/ಎಕ್ಸ್³, ಅದು ಎಲ್ಲೂ ಸೊನ್ನೆ ಆಗುವುದಿಲ್ಲ. ತುದಿಯ ಬೆಲೆಗಳು ಸಮ ಇದ್ದು ಡೆರಿವೇಟಿವ್ ಸೊನ್ನೆ ಆಗುತ್ತಿಲ್ಲ ಅಂದರೆ, ಒಂದೋ ಲೆಕ್ಕ ತಪ್ಪಾಗಿದೆ, ಇಲ್ಲವೇ ಒಳಗೆ ಎಲ್ಲೋ ಒಡಕು ಅಥವಾ ಮೂಲೆ ಇದೆ, ಅಥವಾ ತುದಿಯಲ್ಲಿ ಒಡಕು ಇದೆ. ಬೇರೆ ದಾರಿ ಇಲ್ಲ. ಇಲ್ಲಿ 0ಯಲ್ಲಿ ಒಡಕು.

ಮೂಲೆಗೆ ಎಲ್ಲರಿಗೂ ಗೊತ್ತಿರುವ ಉದಾಹರಣೆ [−1, 1] ಮೇಲಿನ |ಎಕ್ಸ್|. ಎಡಗಡೆ ಇಳಿಜಾರು −1, ಬಲಗಡೆ 1, ನಡುವೆ ಸೊನ್ನೆಯನ್ನು ಮುಟ್ಟದೆ ಹಾರಿತು. ಎಕ್ಸ್‌ನ 2/3 ಘಾತ ಇನ್ನೂ ಚೂಪು. ಅದರ ಡೆರಿವೇಟಿವ್‌ನ ಛೇದದಲ್ಲಿ ಘನಮೂಲ ಎಕ್ಸ್ ಕೂರುತ್ತದೆ, 0ಯಲ್ಲಿ ಗೆರೆ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ಒಂದು ಅಭ್ಯಾಸ ಇಟ್ಟುಕೊಳ್ಳಿ. ಡೆರಿವೇಟಿವ್ ಬರೆದ ಮೇಲೆ ಅದರ ಛೇದವನ್ನೂ ಒಮ್ಮೆ ನೋಡಿ. ಮೂಲ ಫಂಕ್ಷನ್‌ನಲ್ಲಿ ಇಲ್ಲದ ಛೇದ ಅಲ್ಲಿ ಹೊಸದಾಗಿ ಹುಟ್ಟಿರಬಹುದು.

ಲಕ್ಷಣ: ಸಿ ಬಂತು, ಆದರೆ ಇಂಟರ್ವಲ್ಲಿನ ಹೊರಗೆ

ಇಲ್ಲಿ ಕಾರಣ ಎರಡು ಬಗೆ. ಒಂದು, ಷರತ್ತು ನಿಜವಾಗಿಯೂ ಕೆಟ್ಟಿದೆ. ಎಕ್ಸ್² − 1 ಅನ್ನು [1, 2] ಮೇಲೆ ಇಟ್ಟರೆ ಎಫ್(1) = 0, ಎಫ್(2) = 3. ತುದಿಗಳು ಸಮ ಇಲ್ಲ, ರೋಲ್ ಇಲ್ಲಿ ಅನ್ವಯಿಸುವುದಿಲ್ಲ. ಹಟ ಹಿಡಿದು 2ಸಿ = 0 ಎಂದರೆ ಸಿ = 0 ಹೊರಗೆ ಬೀಳುತ್ತದೆ. ಬೀಳಲಿ. ಮೀನ್ ವ್ಯಾಲ್ಯೂ ಪ್ರಮೇಯಕ್ಕೆ ಇದೇ ಫಂಕ್ಷನ್ ಸರಿಹೋಗುತ್ತದೆ. 2ಸಿ = 3, ಸಿ = 1.5.

ಆ 1.5 ಇಂಟರ್ವಲ್ಲಿನ ಸರಿಯಾದ ಮಧ್ಯ ಅಲ್ವಾ? ಅದು ಕಾಕತಾಳೀಯ ಅಲ್ಲ. ಎರಡನೇ ಘಾತದ ಬಹುಪದ ಯಾವುದೇ ಇರಲಿ, ಇಂಟರ್ವಲ್ ಯಾವುದೇ ಇರಲಿ, ಸಿ ಬರುವುದು (ಎ + ಬಿ)/2. ಬೇರೆ ಏನಾದರೂ ಬಂದರೆ ಕೂಡಿ ಕಳೆದದ್ದರಲ್ಲಿ ತಪ್ಪಿದೆ. 1/ಎಕ್ಸ್‌ಗೂ ಇಂಥದ್ದೇ ಒಂದು ಇದೆ. ಎ, ಬಿ ಎರಡೂ ಧನ ಸಂಖ್ಯೆಗಳಾದರೆ ಸಿ = √(ಎಬಿ). [1, 4] ಆದರೆ 2. ಈ ಎರಡನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಎಷ್ಟೋ ತಪ್ಪುಗಳು ಉತ್ತರ ಬರೆಯುವ ಮೊದಲೇ ಸಿಕ್ಕಿಬೀಳುತ್ತವೆ.

ಎರಡನೇ ಕಾರಣ, ಷರತ್ತೆಲ್ಲ ಸರಿ ಇದೆ, ಮೂಲ ಹುಡುಕಿದ್ದು ಸಾಲದು. ಇ^ಎಕ್ಸ್ ಸೈನ್ ಎಕ್ಸ್, ಇಂಟರ್ವಲ್ [0, ಪೈ]. ಡೆರಿವೇಟಿವ್ ಸೊನ್ನೆ ಮಾಡಿದರೆ ಸೈನ್ ಸಿ + ಕಾಸ್ ಸಿ = 0, ಅಂದರೆ ಟ್ಯಾನ್ ಸಿ = −1. ಕ್ಯಾಲ್ಕುಲೇಟರ್ ಒತ್ತಿದರೆ −0.785 ಬರುತ್ತದೆ, ಅಂದರೆ −ಪೈ/4. "ಒಳಗಿಲ್ಲ, ಪ್ರಮೇಯ ಅನ್ವಯಿಸುವುದಿಲ್ಲ" ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಟ್ಯಾನ್ ಪ್ರತಿ ಪೈಗೊಮ್ಮೆ ಮರುಕಳಿಸುತ್ತದೆ ಎಂಬುದು ನೆನಪಾದರೆ −ಪೈ/4ಕ್ಕೆ ಪೈ ಸೇರಿಸುತ್ತೀರಿ. ಸಿ = 3ಪೈ/4, ಸುಮಾರು 2.356. ಒಳಗೇ ಇದೆ. ಕ್ಯಾಲ್ಕುಲೇಟರ್ −45 ತೋರಿಸಿದರೆ ಅದು ಡಿಗ್ರಿಯಲ್ಲಿದೆ. ರೇಡಿಯನ್‌ಗೆ ಹಾಕಿ.

ಮೂರೂ ಷರತ್ತು ಪಾಸಾಗಿ ಸಿ ಮಾತ್ರ ಹೊರಗೆ ಬಿದ್ದರೆ ಪ್ರಮೇಯದ ಮೇಲೆ ಅನುಮಾನ ಬೇಡ. ನಿಮ್ಮ ಮೂಲಗಳ ಮೇಲೆ ಅನುಮಾನ ಪಡಿ.

ಲಕ್ಷಣ: ತುದಿಯಲ್ಲಿ ಗೊಂದಲ

ಮೊದಲ ಷರತ್ತಿಗೆ ತುದಿ ಬೇಕು, ಎರಡನೆಯದಕ್ಕೆ ಬೇಡ. ಈ ವ್ಯತ್ಯಾಸ ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಎರಡು ಫಂಕ್ಷನ್ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

√(1 − ಎಕ್ಸ್²), [−1, 1] ಮೇಲೆ. ಇದು ಅರ್ಧ ವೃತ್ತ. ಡೆರಿವೇಟಿವ್ −ಎಕ್ಸ್/√(1 − ಎಕ್ಸ್²). 1ರಲ್ಲೂ −1ರಲ್ಲೂ ಛೇದ ಸೊನ್ನೆ. ಗಾಬರಿ ಬೇಡ. ಆ ಎರಡೂ ತುದಿಗಳು, ಅಲ್ಲಿ ಡೆರಿವೇಟಿವ್ ಯಾರೂ ಕೇಳಿಲ್ಲ. ಕಂಟಿನ್ಯೂಯಸ್ ಆಗಿದೆ, ಎರಡೂ ತುದಿಯಲ್ಲಿ ಬೆಲೆ 0, ಸಿ = 0. ರೋಲ್ ಪ್ರಮೇಯ ನಡೆಯಿತು.

ಈಗ ಎಕ್ಸ್ನಿಂದ ಅದರ ಪೂರ್ಣಾಂಕ ಭಾಗವನ್ನು ಕಳೆದು ಉಳಿದ ದಶಮಾಂಶ ಭಾಗವನ್ನು [0, 1] ಮೇಲೆ ತೆಗೆದುಕೊಳ್ಳಿ. 0.3ಕ್ಕೆ 0.3, 0.9ಕ್ಕೆ 0.9, 0.999ಕ್ಕೆ 0.999, ಆದರೆ 1ಕ್ಕೆ 0. ಎಫ್(0) = 0, ಎಫ್(1) = 0. ಒಳಗೆ ಎಲ್ಲ ಕಡೆ ಡೆರಿವೇಟಿವ್ ಇದೆ, ಎಲ್ಲ ಕಡೆ ಅದು 1. ಸಿ ಇಲ್ಲ. ಒಳಗೆ ಎಷ್ಟು ಹುಡುಕಿದರೂ ದೋಷ ಕಾಣುವುದಿಲ್ಲ, ಯಾಕೆಂದರೆ ದೋಷ ಇರುವುದು ಬಲ ತುದಿ ಒಂದರಲ್ಲೇ. ಒಂದೇ ಒಂದು ಬಿಂದು ಜಾಗ ಬಿಟ್ಟು ಕೆಳಗೆ ಬಿದ್ದಿದೆ, ಅಷ್ಟಕ್ಕೇ ಪ್ರಮೇಯ ಮುರಿದುಬಿತ್ತು.

ಲಕ್ಷಣ: ತುಂಡು ಫಂಕ್ಷನ್, ಎಡಬಲ ಡೆರಿವೇಟಿವ್ ಸಮ, ಆದರೂ ಸಿ ಇಲ್ಲ

ಎಲ್ಲಕ್ಕಿಂತ ಜಾಸ್ತಿ ಜನ ಬೀಳುವ ಗುಂಡಿ ಇದು. ನಾನೂ ಓದುವಾಗ ಬಿದ್ದಿದ್ದೇನೆ.

ಎಕ್ಸ್ 1ಕ್ಕಿಂತ ಕಡಿಮೆ ಇದ್ದಾಗ ಎಫ್(ಎಕ್ಸ್) = ಎಕ್ಸ್². 1 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಎಕ್ಸ್² − 4. ಇಂಟರ್ವಲ್ [0, 2]. ಎಫ್(0) = 0, ಎಫ್(2) = 0. ಹೊಲಿಗೆ 1ರಲ್ಲಿ. ಶಾರ್ಟ್‌ಕಟ್ ಪ್ರಿಯರು ಹೀಗೆ ಮಾಡುತ್ತಾರೆ: ಎಡ ತುಂಡಿನ ಡೆರಿವೇಟಿವ್ 2ಎಕ್ಸ್, 1 ಹಾಕಿದರೆ 2. ಬಲ ತುಂಡಿನದೂ 2ಎಕ್ಸ್, 1 ಹಾಕಿದರೆ 2. ಸಮ, ಆದ್ದರಿಂದ ಡಿಫರೆನ್ಷಿಯಬಲ್. ಆಮೇಲೆ 2ಸಿ = 0, ಸಿ = 0. ಅದು ತುದಿಯಲ್ಲಿ ಕೂತಿದೆ, (0, 2) ಒಳಗೆ ಅಲ್ಲ. ಮತ್ತೆ ತಲೆ ಕೆರೆದುಕೊಳ್ಳುವುದು.

1ರ ಹತ್ತಿರ ಹೋಗಿ ನೋಡೋಣ. ಎಡದಿಂದ ಬಂದರೆ ಬೆಲೆ 1ರತ್ತ ಹೋಗುತ್ತಿದೆ. ಎಫ್(1) ಮಾತ್ರ 1 − 4 = −3. ನಾಲ್ಕು ಮಾನ ಆಳದ ಹಳ್ಳ. ಈಗ ಎಡಗಡೆಯ ಡೆರಿವೇಟಿವ್, ಅಂದರೆ ಎಲ್‌ಎಚ್‌ಡಿಯನ್ನು, ಸೂತ್ರದಿಂದ ಬೇಡ, ವ್ಯಾಖ್ಯೆಯಿಂದ ತೆಗೆಯಿರಿ. 1ರಿಂದ ಎಚ್ ಅಷ್ಟು ಎಡಕ್ಕೆ ಸರಿದು, ಅಲ್ಲಿನ ಬೆಲೆಯಿಂದ ಎಫ್(1) ಕಳೆದು, −ಎಚ್‌ನಿಂದ ಭಾಗಿಸಬೇಕು. ಎಚ್ = 0.1 ಆದರೆ (0.81 + 3)/(−0.1) = −38.1. ಎಚ್ = 0.01 ಆದರೆ −398.01. ಎಚ್ = 0.001 ಆದರೆ −3998.001. ಇದು 2ರ ಕಡೆಗೆ ಹೋಗುತ್ತಿದೆಯಾ? ಪಾತಾಳಕ್ಕೆ ಹೋಗುತ್ತಿದೆ.

ಸೂತ್ರ ಮೋಸ ಮಾಡಿದ್ದು ಹೇಗೆ? 2ಎಕ್ಸ್ ಎಂಬ ಸೂತ್ರ ಎಡ ತುಂಡಿನ ಒಳಗಿನ ಸಂಗತಿ. ಆ ತುಂಡಿಗೆ ಎಫ್(1) ಎಷ್ಟು ಅಂತ ಗೊತ್ತೇ ಇಲ್ಲ, ಯಾಕೆಂದರೆ 1 ಅದರ ಪಾಲಿಗೆ ಸೇರಿಲ್ಲ. ಎರಡು ಸಮಾನಾಂತರ ರಸ್ತೆ ಒಂದೇ ದಿಕ್ಕಿಗೆ ಹೋದ ಮಾತ್ರಕ್ಕೆ ಕೂಡಿಕೊಂಡಿವೆ ಎನ್ನಲು ಆಗುತ್ತದಾ? ಹಾಗಾಗಿ ಹೊಲಿಗೆಯಲ್ಲಿ ಮೊದಲು ಮೂರು ಬೆಲೆ ಹೊಂದಿಸಿ: ಎಡ ಮಿತಿ, ಬಲ ಮಿತಿ, ಆ ಬಿಂದುವಿನ ಬೆಲೆ. ಅವು ಹೊಂದಿದ ಮೇಲಷ್ಟೇ ಡೆರಿವೇಟಿವ್ ಮಾತು. ಹೊಂದದಿದ್ದರೆ ಅಲ್ಲಿಗೇ ಮುಗಿಯಿತು, ಎಲ್‌ಎಚ್‌ಡಿ, ಆರ್‌ಎಚ್‌ಡಿ (ಬಲಗಡೆಯ ಡೆರಿವೇಟಿವ್) ತೆಗೆಯುವ ಕಷ್ಟ ಬೇಡ.

ಬೆಲೆಗಳು ಹೊಂದಿದ್ದರೆ ಆ ಶಾರ್ಟ್‌ಕಟ್ ಬಳಸಬಹುದಾ? ಕಂಟಿನ್ಯೂಯಸ್ ಆಗಿದ್ದು, ಎರಡೂ ಕಡೆಯ ಡೆರಿವೇಟಿವ್‌ಗಳು ಒಂದೇ ಸಂಖ್ಯೆಯತ್ತ ಹೋದರೆ ಬಳಸಬಹುದು. ಅವು ಎಲ್ಲೂ ನೆಲೆ ನಿಲ್ಲದಿದ್ದರೆ ಮಾತ್ರ "ಡೆರಿವೇಟಿವ್ ಇಲ್ಲ" ಎಂದು ತೀರ್ಪು ಕೊಡಬೇಡಿ. ಎಕ್ಸ್² ಸೈನ್(1/ಎಕ್ಸ್), 0ಯಲ್ಲಿ ಬೆಲೆ 0 ಎಂದು ಕೊಟ್ಟದ್ದು, ಇಂಟರ್ವಲ್ [−1/ಪೈ, 1/ಪೈ]. ಸೂತ್ರದಿಂದ ಬರುವ ಡೆರಿವೇಟಿವ್‌ನಲ್ಲಿ ಕಾಸ್(1/ಎಕ್ಸ್) ಇದೆ, 0 ಹತ್ತಿರ ಬಂದಂತೆ ಅದು −1ಕ್ಕೂ 1ಕ್ಕೂ ನಡುವೆ ಕುಣಿಯುತ್ತಲೇ ಇರುತ್ತದೆ. ವ್ಯಾಖ್ಯೆಯಿಂದ ಹೋದರೆ ಎಚ್ ಸೈನ್(1/ಎಚ್), ಅದು ನೇರ 0ಗೆ ಇಳಿಯುತ್ತದೆ. ಡೆರಿವೇಟಿವ್ ಇದೆ, ಅದು 0, ಮತ್ತು ನೀವು ಹುಡುಕುತ್ತಿದ್ದ ಒಂದು ಸಿ ಅದೇ ಬಿಂದು. ಪರೀಕ್ಷೆಯಲ್ಲಿ ಇದು ಅಪರೂಪ. ಆದರೂ ಅನುಮಾನ ಬಂದಾಗ ವ್ಯಾಖ್ಯೆಗೇ ಮರಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಲಕ್ಷಣ: ಸಿ ಸಿಕ್ಕಿತು, ಆದರೆ ಉತ್ತರ ತಪ್ಪಂತೆ

ಸ್ಟೆಪ್ ಫಂಕ್ಷನ್ ತೆಗೆದುಕೊಳ್ಳಿ. ಎಕ್ಸ್ ಅನ್ನು ಮೀರದ ದೊಡ್ಡ ಪೂರ್ಣಾಂಕ, [5, 9] ಮೇಲೆ. 5.5ರಲ್ಲಿ ಡೆರಿವೇಟಿವ್ 0, ಯಾಕೆಂದರೆ ಅಲ್ಲಿ ಗ್ರಾಫ್ ಚಪ್ಪಟೆ. ವಿದ್ಯಾರ್ಥಿ ಖುಷಿಯಿಂದ "ಸಿ = 5.5, ರೋಲ್ ಪ್ರಮೇಯ ಪರಿಶೀಲಿಸಲಾಯಿತು" ಎಂದು ಬರೆಯುತ್ತಾನೆ. ಆದರೆ 6, 7, 8, 9ರಲ್ಲಿ ಒಡಕು ಇದೆ. ಎಫ್(5) = 5, ಎಫ್(9) = 9, ತುದಿಗಳೂ ಸಮ ಇಲ್ಲ. ಮೂರು ಷರತ್ತಿನಲ್ಲಿ ಒಂದೂ ಪಾಸಾಗಿಲ್ಲ. ಸಿ ಸಿಕ್ಕಿದ್ದು ಅದೃಷ್ಟ, ಪ್ರಮೇಯದ ಕೃಪೆ ಅಲ್ಲ.

ಘನಮೂಲ ಎಕ್ಸ್ ಕೂಡ ಇಂಥದ್ದೇ. [−1, 1] ಮೇಲೆ ಮೀನ್ ವ್ಯಾಲ್ಯೂ ಪ್ರಮೇಯ ನೋಡಿದರೆ 0ಯಲ್ಲಿ ಡೆರಿವೇಟಿವ್ ಇಲ್ಲ, ಎರಡನೇ ಷರತ್ತು ಬಿತ್ತು. ಆದರೂ ಇಳಿಜಾರು 1 ಆಗುವ ಬಿಂದುಗಳು ಎರಡಿವೆ, ಸುಮಾರು 0.192 ಮತ್ತು −0.192. ಷರತ್ತು ಇದ್ದರೆ ಸಿ ಗ್ಯಾರಂಟಿ. ಷರತ್ತು ಇಲ್ಲದಿದ್ದರೆ ಗ್ಯಾರಂಟಿ ಇಲ್ಲ, ಅಷ್ಟೇ. ಸಿ ಇರಲೂಬಹುದು, ಇಲ್ಲದಿರಲೂಬಹುದು. ಮಳೆ ಬಂದರೆ ಅಂಗಳ ಒದ್ದೆ ಆಗುತ್ತದೆ. ಅಂಗಳ ಒದ್ದೆ ಇದೆ ಅಂತ ಮಳೆ ಬಂದಿದೆ ಎನ್ನಲಾಗದು, ಬೆಳಿಗ್ಗೆ ಯಾರೋ ನೀರು ಹಾಕಿ ರಂಗೋಲಿ ಬಿಟ್ಟಿರಬಹುದು.

ಇದೇ ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ. ಷರತ್ತು ಬಿದ್ದ ತಕ್ಷಣ "ಆದ್ದರಿಂದ ಎಫ್′(ಸಿ) = 0 ಆಗುವ ಸಿ ಇಲ್ಲ" ಎಂದು ಬರೆಯುವುದು. ಅಷ್ಟು ಹೇಳಲು ನಿಮಗೆ ಹಕ್ಕಿಲ್ಲ. "ಪ್ರಮೇಯ ಅನ್ವಯಿಸುವುದಿಲ್ಲ" ಎಂದು ನಿಲ್ಲಿಸಿ. ಸಿ ಇಲ್ಲ ಎಂದು ಹೇಳಲೇಬೇಕಾದರೆ ಅದನ್ನು ಬೇರೆಯಾಗಿ ತೋರಿಸಬೇಕು.

ಎರಡು ಸಿ ಸಿಕ್ಕಿತು ಅಂತ ಫೋನ್ ಮಾಡುವವರೂ ಇದ್ದಾರೆ. ಎಕ್ಸ್³ − ಎಕ್ಸ್ ಅನ್ನು [−1, 1] ಮೇಲೆ ಇಟ್ಟರೆ ಸಿ = 1/√3 ಮತ್ತು −1/√3. ಎರಡೂ ಒಳಗಿವೆ, ಎರಡೂ ಬರೆಯಿರಿ. ಅದು ದೋಷವೇ ಅಲ್ಲ.

ಉತ್ತರ ಬರೆಯುವಾಗ

ಷರತ್ತುಗಳನ್ನು "ಫಂಕ್ಷನ್ ಕಂಟಿನ್ಯೂಯಸ್ ಮತ್ತು ಡಿಫರೆನ್ಷಿಯಬಲ್ ಆಗಿದೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಡಿ. ಯಾಕೆ ಎಂದು ಒಂದು ಮಾತು ಸೇರಿಸಿ. ಬಹುಪದ, ಆದ್ದರಿಂದ. ಅಥವಾ ಛೇದ ಸೊನ್ನೆ ಆಗುವುದು 5ರಲ್ಲಿ, ಅದು ಇಂಟರ್ವಲ್ಲಿನ ಹೊರಗಿದೆ, ಆದ್ದರಿಂದ. ಷರತ್ತು ಕೆಟ್ಟಿದ್ದರೆ ಕೆಟ್ಟ ಬಿಂದುವನ್ನು ಹೆಸರಿಸಿ. ಒಂದು ಬಿಂದು ಸಾಕು, ನಾಲ್ಕೂ ಬೇಡ.

ಆ ಹುಡುಗನ ಎರಡು ಪುಟದ ಜಾಗದಲ್ಲಿ ನಾವಿಬ್ಬರೂ ಕೂತು ಬರೆದದ್ದು ಇಷ್ಟು: ಟ್ಯಾನ್ ಎಕ್ಸ್‌ಗೆ ಎಕ್ಸ್ = ಪೈ/2ರಲ್ಲಿ ಬೆಲೆ ಇಲ್ಲ. ಪೈ/2 ಎಂಬುದು [0, ಪೈ] ಒಳಗಿದೆ, ಆದ್ದರಿಂದ ಫಂಕ್ಷನ್ ಆ ಇಂಟರ್ವಲ್ಲಿನಲ್ಲಿ ಕಂಟಿನ್ಯೂಯಸ್ ಅಲ್ಲ. ರೋಲ್ ಪ್ರಮೇಯ ಅನ್ವಯಿಸುವುದಿಲ್ಲ.

"ಇಷ್ಟೇನಾ ಸರ್?" ಎಂದ. ಇಷ್ಟೇ.